ಶಾಂತಾ ಏಳದೇ ಕುಳಿತ ಕಲ್ಲು

ಇಂದು ಬೆಳಿಗ್ಗೆ ಕಲ್ಲು ಪಾಲಿಶ್ ಮಾಡುವ ನನ್ನ ಅಂಗಳದಲ್ಲಿ ಆಳುಗಳು ಶಹಾಬಾದ ಕಲ್ಲಿಗೆ ನೀರು ಹಾಕಿದರು. ಆ ಹಸಿ ವಾಸನೆಗೆ ನಿಜಾಮರ ಕಾಲದ ನಮ್ಮ ಪಡಸಾಲೆ ಕಣ್ಣಮುಂದೆ ಬಂತು. ಶಾಲೆಯಲ್ಲಿ ಪಾಠವೆಲ್ಲ ಉರ್ದು. ಪರವಾನಗಿ ಇಲ್ಲದೆ ಮನೆಯಲ್ಲಿ ಶಾಲೆ ನಡೆಸುವಂತಿರಲಿಲ್ಲ. ಅಪ್ಪ ಪಡಸಾಲೆಯ ಶಹಾಬಾದ ಹಾಸುಗಲ್ಲಿನ ಮೇಲೆ ಇದ್ದಿಲಿನಿಂದ ಕನ್ನಡ ಬರೆದು ಓಣಿಯ ಮಕ್ಕಳಿಗೆ ಕಲಿಸುತ್ತಿದ್ದರು. ಯಾರಾದರೂ ಬಂದರೆ ಒದ್ದೆ ಬಟ್ಟೆಯಿಂದ ಒರೆಸಿಬಿಡುವುದು.

ಒಮ್ಮೆ ಒರೆಸುವ ಮೊದಲೇ ಶಾಲಾ ತಪಾಸಣೆಯ ಸಾಹೇಬರು ಬಾಗಿಲಿಗೆ ಬಂದರು. ಪಕ್ಕದ ಮನೆಯ ಶಾಂತಾ ಅಕ್ಷರಗಳ ಮೇಲೆ ಲಂಗ ಹರಡಿ ಕುಳಿತುಬಿಟ್ಟಳು. ಎದ್ದರೆ ಪಾಠ ಬಂದ್, ಅಪ್ಪನಿಗೆ ಠಾಣೆ.

"ಏಳವಾ, ಸಾಹೇಬ್ರು ಬಂದಾರ!" ಎಂದು ಜೊತೆಗೆ ಬಂದ ಚಪರಾಸಿ ಗದರಿದ.

"ಕಾಲು ಜುಮ್ ಹಿಡದಾವ್ರಿ. ನೀವೇ ಕುಂದ್ರಿ."

ಸಾಹೇಬರು ನಕ್ಕು, ಚಹಾ ಕುಡಿದು ಹೋದರು.

ಅದೇ ಶಾಂತಾ ಮುಂದೆ ಶಾಸಕಿಯಾದಳು, ದಿಲ್ಲಿಯಲ್ಲಿ ಮಂತ್ರಿಯೂ ಆದಳು. ಕಲ್ಲಿನ ಕೆಲಸಕ್ಕೊಂದು ಶಿಫಾರಸು ಬೇಕೆಂದು ನಾನು ಅಪ್ಪನನ್ನು ಮುಂದಿಟ್ಟುಕೊಂಡು ಅಲ್ಲಿಗೆ ಹೋದೆ. ಅಧಿಕಾರಿಗಳ ನಡುವೆ ಕುಳಿತಿದ್ದವಳು ಅಪ್ಪನನ್ನು ಕಂಡು ಎದ್ದು ನಿಂತಳು.

"ಅವತ್ತು ಎದ್ದಿಲ್ರಿ ಮಾಸ್ತರ. ಇವತ್ತು ನಿಮ್ಮ ಸಲುವಾಗಿ ಎದ್ದೀನಿ."

ಶಿಫಾರಸು ಸಿಗಲಿಲ್ಲ. ಆದರೂ ಊರು ಮುಟ್ಟುವವರೆಗೆ ಅಪ್ಪನ ಮುಖದಲ್ಲಿ ನಗು ಮಾಸಲಿಲ್ಲ.

ಇವತ್ತಿನ ಪೇಪರಿನಲ್ಲಿ ಶಾಂತಾ ತೀರಿಕೊಂಡ ಸುದ್ದಿ ಇದೆ. ಕುರ್ಚಿಯಿಂದ ಏಳಲು ನನ್ನ ಮೊಣಕಾಲು ಈಗ ಒಪ್ಪುವುದಿಲ್ಲ. ಆದರೂ ಎದ್ದು ನಿಂತೆ.