ಸಿಕ್ಸ್ ಕಸಿನ್ಸ್ ಬ್ಯಾಂಡಿನ ವ್ಯಾನು

ನಾನು ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾದದ್ದು ದಡ್ಡತನದಿಂದಲ್ಲ, ಕಥೆಯ ಚಟದಿಂದ. ನನ್ನ ಹೆಂಡತಿ ಇದನ್ನು ಇಂದಿಗೂ ನಂಬುವುದಿಲ್ಲ, ನೀವಾದರೂ ನಂಬಬೇಕು.

ತೊಂಬತ್ತರ ದಶಕದಲ್ಲಿ, ಅಮೆರಿಕದ ರಾಲಿ ಎಂಬ ಊರಿನಲ್ಲಿ ಲೈಸೆನ್ಸ್ ಇಲ್ಲದವನಿಗೆ ಒಂದು ಗ್ಯಾಲನ್ ಹಾಲು ತರುವುದಕ್ಕೂ ಆಫೀಸಿನವರ ಮುಲಾಜು. ಮೈಸೂರಿನಲ್ಲಿ ಸೈಕಲ್ ಬಿಟ್ಟು ಬೇರೇನೂ ತುಳಿಯದ ನನ್ನನ್ನು ಕಂಡು ಕನಿಕರಪಟ್ಟವರು ಪಕ್ಕದ ಮನೆಯ ವೆಂಡೆಲ್ ಅಂಕಲ್. ಎಪ್ಪತ್ತು ದಾಟಿದವರು. ಶನಿವಾರ ಬೆಳಿಗ್ಗೆ ತಮ್ಮ ಹಳೆಯ ವ್ಯಾನಿನಲ್ಲಿ ಪುಕ್ಕಟೆ ಪಾಠ ಹೇಳಿಕೊಡಲು ಒಪ್ಪಿದರು.

ಆ ವ್ಯಾನು, ಸೋಲ್ ಎಂಬ ಅಮೆರಿಕನ್ ಸಂಗೀತ ಹಾಡುತ್ತಿದ್ದ, ಈಗ ನಿಂತುಹೋದ ಅವರ ಬ್ಯಾಂಡಿನದು. ಹೆಸರು 'ಸಿಕ್ಸ್ ಕಸಿನ್ಸ್'. ಇದ್ದವರು ಐವರು, ಯಾರಿಗೂ ಯಾರೂ ಕಸಿನ್ ಅಲ್ಲ. ಉತ್ತರ, ದಕ್ಷಿಣ ಎಂಬ ಎರಡು ಕೆರೊಲಿನಾ ರಾಜ್ಯಗಳ ಹೊರಗೆ ಆ ಹೆಸರು ಕೇಳಿದವರಿಲ್ಲ, ಒಳಗೂ ಅಷ್ಟಕ್ಕಷ್ಟೇ. ನಾನು ಎಡಕ್ಕೆ ತಿರುಗಿಸುವಾಗ ಅಂಕಲ್ ಹೇಳುತ್ತಿದ್ದದ್ದು ಅಟ್ಲಾಂಟಾದ ಕಥೆ: ಊರು ಮುಟ್ಟುವ ಮೊದಲೇ ವ್ಯಾನು ಕೆಟ್ಟು, ಗ್ಯಾರೇಜಿನ ಮುಂದೆಯೇ ಕಚೇರಿ ನಡೆಸಿದರಂತೆ. ರಿವರ್ಸ್ ಹಾಕುವಾಗ ಅವರ ಒಂದೇ ಒಂದು ರೆಕಾರ್ಡಿನ ಕಥೆ: ಪ್ರತಿಗಳನ್ನೆಲ್ಲ ಬಿಸಿಲಲ್ಲಿ ವ್ಯಾನಿನೊಳಗೆ ಬಿಟ್ಟದ್ದಕ್ಕೆ ಅವು ಹಪ್ಪಳವಾದವಂತೆ. ನಾನು ನಕ್ಕೆ, ವ್ಯಾನು ಯಾರದೋ ಮೇಲ್‌ಬಾಕ್ಸಿಗೆ ನಮಸ್ಕಾರ ಮಾಡಿತು.

"ರೀ, ನೀವು ಡ್ರೈವಿಂಗ್ ಕಲೀತಾ ಇದೀರೋ, ಹರಿಕಥೆ ಕೇಳ್ತಾ ಇದೀರೋ?" ಎಂದಳು ಹೆಂಡತಿ.

ಅವಳದೂ ತಪ್ಪಲ್ಲ. ಟೆಸ್ಟಿನ ದಿನ ಪರೀಕ್ಷಕಿ ತುಟಿ ಬಿಚ್ಚದೆ ಪಕ್ಕದಲ್ಲಿ ಕೂತರೆ, ಕಥೆಯಿಲ್ಲದೆ ನನಗೆ ಕೈಕಾಲೇ ಆಡುತ್ತಿರಲಿಲ್ಲ. ಅದರ ಮೇಲೆ ಒಂದು ಕುತೂಹಲ ಬೇರೆ ಕೊರೆಯುತ್ತಿತ್ತು: ಆ ಬ್ಯಾಂಡು ನಿಂತದ್ದು ಯಾಕೆ? ಜಗಳವೇ, ಪ್ರೇಮವೇ? ನಮ್ಮ ಕಡೆಯ ನಾಟಕ ಕಂಪನಿಗಳು ಮುಳುಗಿದ್ದು ಈ ಎರಡರಿಂದಲೇ. ಕೇಳಿದಾಗಲೆಲ್ಲ ಅಂಕಲ್, "ಮೊದಲು ಪಾಸಾಗು, ಆಮೇಲೆ ಹೇಳ್ತೀನಿ" ಎನ್ನುತ್ತಿದ್ದರು.

ಮೂರನೆಯ ಸಲ ಪಾಸಾದೆ. ಓಡಿಹೋಗಿ ತೋರಿಸಿದೆ. ಅಂಕಲ್ ನನ್ನ ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತಮ್ಮದನ್ನು ಅದರ ಪಕ್ಕದಲ್ಲಿಟ್ಟರು. ಅದರಲ್ಲಿ 'ಹಗಲು ಮಾತ್ರ' ಎಂದಿತ್ತು. ಕಣ್ಣು ಮಂಜಾದ ಮೇಲೆ ಕತ್ತಲಲ್ಲಿ ಓಡಿಸುವಂತಿಲ್ಲ. ಉಳಿದ ನಾಲ್ವರದೂ ಅದೇ ವಯಸ್ಸು, ಅದೇ ಕಣ್ಣು. ಬಾಡಿಗೆಗೆ ಕರೆತಂದ ಮೂವರು ಡ್ರೈವರುಗಳು ಅಂಕಲ್ ಕಥೆ ತಾಳಲಾರದೆ ಬಿಟ್ಟು ಓಡಿದ್ದರಂತೆ. ಸುಪ್ರಭಾತವಾದರೆ ಬೆಳಿಗ್ಗೆ ಹಾಡಬಹುದು, ಸೋಲ್ ಹಾಡಲು ಸಂಜೆಯೇ ಆಗಬೇಕು. ಬ್ಯಾಂಡು ನಿಂತದ್ದು ಇಷ್ಟಕ್ಕೇ. ನನಗೆ ಅಯ್ಯೋ ಅನ್ನಿಸಿತು.

ಅಂಕಲ್‌ಗೆ ಹಾಗೇನೂ ಅನ್ನಿಸಿದಂತಿರಲಿಲ್ಲ. ವ್ಯಾನಿನ ಕೀ ನನ್ನ ಅಂಗೈಯಲ್ಲಿಟ್ಟು, "ಮುಂದಿನ ಶನಿವಾರ ಡರ್ಹ್ಯಾಮಿನಲ್ಲಿ ಒಂದು ಮದುವೆ. ಸಂಜೆ ಐದಕ್ಕೆ ರೆಡಿಯಾಗಿರು. ನಮ್ಮವರಿಗೆಲ್ಲ ಫೋನ್ ಮಾಡಿ ಆಯ್ತು, ಆರನೇ ಕಸಿನ್ ಸಿಕ್ಕಿದಾನೆ ಅಂತ" ಎಂದರು.

ಪುಕ್ಕಟೆ ವಿದ್ಯೆ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಗುರುಗಳು ಹೊರಟಿರುವುದು ಯಾವ ಊರಿಗೆ ಎಂದು ಮಾತ್ರ ಒಮ್ಮೆ ಕೇಳಿಕೊಳ್ಳಿ.