ಬಿಎ ಪಾಠಕ್ಕೆ ಬಂದ ನಮ್ಮ ಹಗೇವು

ನಾನು ಓದಿದ್ದು ಮೂರನೇ ಇಯತ್ತೆ. ಆದರೂ ಬಿಎ ಪಾಠ ಬದಲಾಗುತ್ತ ಬಂದದ್ದನ್ನು ಮನೆಯಲ್ಲಿ ಕೂತೇ ಕಂಡಿದ್ದೇನೆ. ನನ್ನ ತಮ್ಮ ಶಿಗ್ಗಾಂವದಲ್ಲಿ ಓದುವಾಗ ಬರೀ ರಾಜರು, ಯುದ್ಧಗಳು, ಇಸವಿಗಳು. ಎತ್ತು ಮೇಯಿಸುತ್ತ ಅವನ್ನೇ ಕಂಠಪಾಠ ಮಾಡುತ್ತಿದ್ದ. ಮಗನ ಕಾಲಕ್ಕೆ ಕಂಪ್ಯೂಟರ್ ಪೇಪರ್ ಸೇರಿತು. ಅವನು ಕಂಪ್ಯೂಟರನ್ನು ಪುಸ್ತಕದ ಚಿತ್ರದಲ್ಲೇ ನೋಡಿ ಪಾಸಾದ. ಈಗ ಮೊಮ್ಮಗಳು ಹಿರೇಕೆರೂರಿನ ಕಾಲೇಜಿಗೆ ಹೋಗುತ್ತಾಳೆ. ಹಿರಿಯರನ್ನು ಕೇಳಿ ಊರಿನ ಹಳೆಯ ಪದ್ಧತಿಯೊಂದನ್ನು ಬರೆಯುವುದೂ ಪಾಠವಂತೆ! ಒಂದು ದಿನ ವಹಿ ಹಿಡಿದು ನನ್ನ ಮುಂದೆ ಕೂತಳು.

"ಹಗೇವಿನ ಬಗ್ಗೆ ಹೇಳು ಅಜ್ಜಾ."

ಹೇಳಿದೆ. ನೆಲದೊಳಗೆ ಗಡಿಗೆಯ ಹೊಟ್ಟೆಯಂತೆ ಕುಣಿ ತೋಡಿ, ಸುತ್ತ ಒಣಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದೆವು. ಜೋಳ ಬೇಕಾದಾಗ ಹಗ್ಗ ಹಿಡಿದು ನಾನೇ ಇಳಿಯುತ್ತಿದ್ದೆ.

ಎಂಟು ದಿನಕ್ಕೆ ಹುಡುಗಿ ಮುಖ ಸಣ್ಣ ಮಾಡಿಕೊಂಡು ಬಂದಳು. ಮುಚ್ಚಿದ ಕುಣಿಯಲ್ಲಿ ಇಳಿದವರಿಗೆ ಉಸಿರು ಕಟ್ಟುವುದಿಲ್ಲವೇ ಎಂದು ಕೇಳಿ ಕಾಲೇಜಿನ ಮೇಡಂ ವಹಿ ವಾಪಸ್ ಕೊಟ್ಟಿದ್ದರು. ಸೋಮವಾರದೊಳಗೆ ತಿದ್ದಿ ಕೊಡದಿದ್ದರೆ ಆ ಪೇಪರ್ ಮುಂದಿನ ವರ್ಷಕ್ಕೆ.

"ಕಟ್ಟೂದಿಲ್ಲೇನು? ಸತ್ತಾ ಹೋಗ್ತಾರ!" ಎಂದೆ. "ಬಾಯಿ ತೆಗದು ಒಂದಿನ ಬಿಡಬೇಕು. ಆಮ್ಯಾಲ ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ಆರಿತಂದ್ರ ಮನಷ್ಯಾ ಇಳಿಯಂಗಿಲ್ಲ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಅದು ಯಾರಿಗೆ ಗೊತ್ತಿಲ್ಲ, ಹುಚ್ಚಿ?"

"ನನಗ ಗೊತ್ತಿಲ್ಲೋ ಅಜ್ಜಾ!"

ನಮ್ಮ ಹಗೇವಿಗೆ ಮಣ್ಣು ತುಂಬಿ ಅಂಗಳ ಮಾಡಿದ್ದು ಅವಳು ಹುಟ್ಟುವ ಮೊದಲೇ. ಪಾಪ, ಕೂಸಿಗೆ ಹೇಗೆ ಗೊತ್ತಾಗಬೇಕು? ಅವಳ ಬರಹವನ್ನೆಲ್ಲ ಸಾಲು ಸಾಲಾಗಿ ಓದಿಸಿದೆ. ಎಲ್ಲರಿಗೂ ಗೊತ್ತಿದೆ ಎಂದು ನಾನು ನುಂಗಿಕೊಂಡ ಮಾತುಗಳು ಇನ್ನೂ ಎಷ್ಟೋ ಇದ್ದವು. ಅವನ್ನೆಲ್ಲ ಹೇಳಿ ಬರೆಸಿದೆ.

ಸೋಮವಾರ ನಾನೂ ಬಸ್ ಹತ್ತಿದೆ, ಮತ್ತೇನಾದರೂ ಬಿಟ್ಟುಹೋಗಿದ್ದರೆ?

"ಬರ್ರಿ ಅಜ್ಜಾರ, ಕುಂದರ್ರಿ," ಎಂದು ಮೇಡಂ ಕುರ್ಚಿ ಸರಿಸಿದರು. ಒಂದೊಂದೇ ಪ್ರಶ್ನೆ ಕೇಳಿದರು. ಎರಡು ಸಲ ನಾನು ಬಾಯಿ ತೆರೆದೆ. ಎರಡು ಸಲವೂ ಮೊಮ್ಮಗಳು ನನಗಿಂತ ಮೊದಲೇ ಹೇಳಿಬಿಟ್ಟಳು. ಮೇಡಂ ನಗುತ್ತ ವಹಿಗೆ ಸಹಿ ಹಾಕಿದರು.

"ಪಾಸಾದಿ ನಡೀವಾ. ಮುಂದಿನ ವರ್ಷದ ಹುಡುಗರಿಗೆ ಇದನ್ನ ಓದಾಕ ಕೊಡ್ತೇನಿ."

ಬಸ್ ಸ್ಟ್ಯಾಂಡಿನವರೆಗೆ ಸಿಕ್ಕ ಸಿಕ್ಕವರಿಗೆಲ್ಲ ನಾವು ಪಾಸಾದೆವೆಂದು ಹೇಳಿದೆ. ಕಂಡಕ್ಟರನಿಗೂ ಹೇಳಿದೆ.

"ಅಜ್ಜಾ, ಪಾಸಾದಾಕಿ ನಾನು," ಎಂದಳು ಹುಡುಗಿ.

"ಗೊತ್ತೈತಿ ತಗೋ. ಬಸ್ ಬಿಡಾಕ ಇನ್ನೂ ಹೊತ್ತೈತಿ, ಗಿರಮಿಟ್ ತಿನ್ನೂಣು ನಡಿ."