ಕಮಲಾವತಿಯಮ್ಮನ ಗೆರಟೆ ಇದ್ದಿಲು

ಪುತ್ತಿಗೆಯ ಕಮಲಾವತಿಯಮ್ಮನ ಮೂಗು ಸಾಮಾನ್ಯದ್ದಲ್ಲ. ಪಕ್ಕದ ಓಣಿಯಲ್ಲಿ ಯಾರೋ ಈರುಳ್ಳಿ ಹೆಚ್ಚಿದರೆ ಇವರು ಜಗಲಿಯಲ್ಲಿ ಕೂತೇ ಮುಖ ಸಿಂಡರಿಸುತ್ತಿದ್ದರು. ಅಂಥವರ ಗೋಡೆಗೆ ಒತ್ತಿಕೊಂಡೇ ಸಾಲಿಹಾಳ ಒಣಮೀನಿನ ಅಂಗಡಿ ಬರಬೇಕೇ? ಅರವತ್ತರ ದಶಕದ ಮೊದಲ ವರ್ಷಗಳು ಅವು. ಗಂಡ ತೀರಿಕೊಂಡ ಮೇಲೆ ಸಾಲಿಹಾಳಿಗೆ ಬದುಕಲು ಇದ್ದದ್ದು ಅದೊಂದೇ ದಾರಿ. ಕಟ್ಟಡ ಕಮಲಾವತಿಯಮ್ಮನ ಮೈದುನ ಹೇಮಚಂದ್ರರದು. ಅತ್ತಿಗೆಯ ದೂರು ಕೇಳಿ ಕೇಳಿ ಸಾಕಾಗಿ ಅವರು ಸಾಲಿಹಾಳಿಗೆ ಹೇಳಿಬಿಟ್ಟರು: "ಇನ್ನೊಮ್ಮೆ ವಾಸನೆ ಬಂದರೆ ಅಂಗಡಿ ಖಾಲಿ ಮಾಡಬೇಕು."

ಉಪಾಯ ಹೇಳಿದವರು ಕಮಲಾವತಿಯಮ್ಮನ ತಮ್ಮ ಶಾಂತಿರಾಜ, ಮೂಡುಬಿದಿರೆಯಲ್ಲಿ ವಿಜ್ಞಾನದ ಮಾಷ್ಟ್ರು. ತೆಂಗಿನ ಗೆರಟೆ ಸುಟ್ಟು ಇದ್ದಿಲು ಮಾಡಿಸಿ, ಬುಟ್ಟಿಗಳಲ್ಲಿ ತುಂಬಿಸಿ, ನಡುಗೋಡೆಗೂ ಹಂಚಿಗೂ ಮಧ್ಯೆ ಇದ್ದ ಸಂದಿಯಲ್ಲಿ ಸಾಲಾಗಿ ಇಡಿಸಿದರು.

"ಗಾಳಿಯೆಂದರೆ ಬೇರೆ ಬೇರೆ ಅನಿಲಗಳ ಬೆರಕೆ, ಅಕ್ಕ. ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ತೂತುಗಳುಂಟು. ವಾಸನೆಯ ಅನಿಲ ಅಲ್ಲಿ ಅಂಟಿಕೊಳ್ತದೆ, ಉಳಿದ ಗಾಳಿ ಈಚೆ ಬರ್ತದೆ."

ಅಕ್ಕ ನಂಬಲಿಲ್ಲ. ಆದರೆ ವಾಸನೆ ನಿಂತಿತು, ಮಳೆ ಜಡಿಯುವ ಆಟಿ ತಿಂಗಳಲ್ಲೂ ಅವರು ನೆಮ್ಮದಿಯಾಗಿ ಉಂಡರು.

ಇದ್ದಿಲು ಎಷ್ಟೆಂದು ಹಿಡಿದುಕೊಂಡೀತು? ಆಗಾಗ ಅದನ್ನು ತೆಗೆದು ದೂರದ ಗದ್ದೆಯಲ್ಲಿ ಕಾಯಿಸಬೇಕು, ಬಿಸಿಯಾದಾಗ ಹಿಡಿದದ್ದನ್ನೆಲ್ಲ ಬಿಟ್ಟುಬಿಡುತ್ತದೆ ಎಂದು ಮಾಷ್ಟ್ರು ಸಾಲಿಹಾಳಿಗೆ ಹೇಳಿದ್ದರು. ಅಕ್ಕನಿಗೆ ಹೇಳಲು ಮರೆತರು. ಸಾಲಿಹಾ ಬುಟ್ಟಿಗೆ ಹೊಸ ಇದ್ದಿಲು ತುಂಬಿ ಗದ್ದೆಗೆ ಒಯ್ಯುವ ಮೊದಲು ಹಳೆಯದನ್ನು ಹಿತ್ತಿಲಲ್ಲಿ ಸುರಿದಾಗ, ಒಂದು ಕಡ್ಡಿಯನ್ನೂ ದಂಡ ಮಾಡದ ಕಮಲಾವತಿಯಮ್ಮನಿಗೆ ಹೊಟ್ಟೆ ಉರಿಯಿತು. ತಣ್ಣಗಿದ್ದ ಇದ್ದಿಲಿಗೆ ಯಾವ ವಾಸನೆಯೂ ಇರಲಿಲ್ಲ. ಯಾರನ್ನೂ ಕೇಳದೆ ಅದನ್ನು ಮನೆಗೆ ತಂದರು.

ಮರುದಿನ ಬಸದಿಯಲ್ಲಿ ಪೂಜೆ. ಬಿಳಿ ಸೀರೆಗೆ ಇಸ್ತ್ರಿ ಹಾಕಲು ಅದೇ ಇದ್ದಿಲನ್ನು ಪೆಟ್ಟಿಗೆಗೆ ತುಂಬಿ ಕೆಂಡ ಮಾಡಿದರು. ಅವರನ್ನು ಕರೆದೊಯ್ಯಲು ಹೇಮಚಂದ್ರ, ಹೆಂಡತಿ ಅನಂತಮತಿಯೊಂದಿಗೆ ಆಗಲೇ ಅಂಗಳಕ್ಕೆ ಬಂದಿದ್ದರು. ಒಮ್ಮೆಲೇ ಒಣಮೀನಿನ ವಾಸನೆ ಎದ್ದಿತು. ಹೇಮಚಂದ್ರ ನೇರ ಪಕ್ಕದ ಅಂಗಡಿಗೆ ನಡೆದರು.

"ಇವತ್ತೇ ಖಾಲಿ ಮಾಡು."

"ಇವತ್ತು ಮೀನಿನ ಚೀಲವನ್ನೇ ಬಿಚ್ಚಲಿಲ್ಲ ಧಣಿಗಳೇ," ಎಂದು ಸಾಲಿಹಾ ಅತ್ತಳು.

ಒಳಗೆ ಕಮಲಾವತಿಯಮ್ಮನ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ. ವಾಸನೆ ಎಲ್ಲಿಂದ ಬಂತೆಂದು ಆ ಮೂಗಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸುಮ್ಮನಿದ್ದರೆ ತಾವು ಇಷ್ಟು ಕಾಲ ಬಯಸಿದ್ದೇ ಆಗಿಬಿಡುತ್ತಿತ್ತು. ಬಾಯಿಬಿಟ್ಟರೆ, ಜೈನರ ಮನೆಯೊಳಗೆ ಮೀನಿನ ವಾಸನೆಯೆಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಅವರು ಪೆಟ್ಟಿಗೆಯನ್ನು ಹೊರಗೆ ತಂದು ಎಲ್ಲರೆದುರು ಜಗಲಿಯ ಮೇಲಿಟ್ಟರು.

"ಅವಳನ್ನು ಬಿಡಿ. ವಾಸನೆ ಇದರದ್ದು. ಅವಳ ಇದ್ದಿಲನ್ನು ಕೇಳದೆ ತಂದವಳು ನಾನು."

ಅನಂತಮತಿ ಮೂಗಿಗೆ ಸೆರಗು ಒತ್ತಿಕೊಂಡು ದೂರ ಸರಿದಳು. ಹೇಮಚಂದ್ರ ಅಂಗಡಿಯ ಮೆಟ್ಟಿಲಿಳಿದರು. ಅಂಗಡಿ ಉಳಿಯಿತು. ಆದರೆ ಗಂಡಹೆಂಡಿರು ಅತ್ತಿಗೆಯನ್ನು ಬಿಟ್ಟೇ ಬಸದಿಗೆ ಹೊರಟುಹೋದರು. ಅದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

"ನೀವು ಸುಮ್ಮನಿದ್ದರೆ ಆಗ್ತಿತ್ತಲ್ಲ, ಅಮ್ಮಾ," ಎಂದಳು ಸಾಲಿಹಾ.

"ಮತ್ತೆ ಬಸದಿಗೆ ಯಾವ ಮುಖ ಇಟ್ಟುಕೊಂಡು ಹೋಗುವುದು, ಮಾರಾಯ್ತಿ?"

ಕಮಲಾವತಿಯಮ್ಮ ಇನ್ನೊಮ್ಮೆ ಮಿಂದು, ಇಸ್ತ್ರಿಯಿಲ್ಲದ ಸೀರೆ ಉಟ್ಟು, ಒಬ್ಬರೇ ನಡೆದು ಹೋದರು.